ಸುತ್ತು ಬಳಸಿ ಕೇಳುತ್ತಿದ್ದ ಮುನಿರತ್ನಮ್ಮ

ಮುನಿರತ್ನಮ್ಮ ಯಾವ ರೋಗಿಯನ್ನೂ ‘ಉಸಿರಾಟದ ತೊಂದರೆ ಇದೆಯಾ’ ಎಂದು ಕೇಳಿದ್ದನ್ನು ನಾನು ನೋಡಿಲ್ಲ. ‘ಬೆಳಿಗ್ಗೆ ನಲ್ಲಿಯಿಂದ ನೀರು ತಂದ್ರಾ? ಮನೆ ಸೇರೋ ಒತ್ಗೆ ಎಷ್ಟು ಕಿತ ಕೊಡ ಇಳಿಸಿದ್ರಿ?’ ಎಂದು ಕೇಳುತ್ತಿದ್ದರು. ವಾಸನೆ ಹೋಗಿದೆಯಾ ಎನ್ನುತ್ತಿರಲಿಲ್ಲ, ಪಕ್ಕದ ಮನೆಯವರು ಇವತ್ತು ಯಾವುದಕ್ಕೆ ಒಗ್ಗರಣೆ ಹಾಕಿದರು ಎಂದು ವಿಚಾರಿಸುತ್ತಿದ್ದರು. ಲಸಿಕೆಯ ವಿಷಯಕ್ಕೆ ಬಂದರಂತೂ ಅವರ ಪ್ರಶ್ನೆ ಒಂದೇ: ‘ಸೂಜಿ ಆಕಿಸ್ಕೊಂಡ ಮಾರ್ನೇ ದಿನ ಕೂಲಿಗೆ ಓದ್ಯಾ?’ ನನ್ನ ಕೈಯಲ್ಲಿದ್ದ ಫಾರಂನಲ್ಲಿ ಮಾತ್ರ ಹೌದು, ಇಲ್ಲ ಎಂಬ ಎರಡೇ ಚೌಕಗಳಿದ್ದವು. ಅವರು ಕೇಳಿ ಮುಗಿಸುವವರೆಗೆ ನಾನು ಪೆನ್ನು ಹಿಡಿದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ.

ಚಿನ್ನದ ಗಣಿಯ ಊರಾದ ಉರಿಗಾಂ ಹತ್ತಿರದ ಒಂದು ಜ್ವರದ ಕ್ಲಿನಿಕ್ಕಿನಲ್ಲಿ ನನಗೆ ಆಗ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಬಿ.ಎಸ್ಸಿ. ಮುಗಿಸಿ ಬಂಗಾರಪೇಟೆಯ ಮನೆಯಲ್ಲಿ ಕೂತಿದ್ದೆ. ಕೊರೊನಾದ ಎರಡನೇ ಅಲೆ ಏರುತ್ತಿದ್ದ ದಿನಗಳು. ಕ್ಲಿನಿಕ್ಕಿನ ಡಾಕ್ಟರು ಒಂದು ಅಧ್ಯಯನ ಶುರು ಮಾಡಿದ್ದರು. ಬಂದ ರೋಗಿಗಳಿಗೆ ಏನೇನು ಲಕ್ಷಣ ಇದೆ, ಯಾರು ಎಷ್ಟು ಡೋಸ್ ಹಾಕಿಸಿಕೊಂಡಿದ್ದಾರೆ ಎಂದು ಬರೆದಿಡುವುದು. ವೈರಸ್ಸು ರೂಪ ಬದಲಿಸಿ ಮುಂದೆ ಮತ್ತೆ ಬಂದರೆ ಆಗಲೂ ಹಾಗೇ ಬರೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು. ಫಾರಂ ತುಂಬಿ ಕಂಪ್ಯೂಟರಿಗೆ ಹಾಕುವ ಕೆಲಸ ನನ್ನದು. ರೋಗಿಯನ್ನು ಮೊದಲು ನೋಡುವ ನರ್ಸು ಮುನಿರತ್ನಮ್ಮ.

ಬೂದಿಕೋಟೆಯ ಪಕ್ಕದ ಹಳ್ಳಿಯವರು. ಎರಡು ಹಸುಗಳ ಹಾಲು ಕರೆದು, ಡೈರಿಗೆ ಹಾಕಿ, ಮೊದಲ ಬಸ್ಸು ಹಿಡಿದು ಬಂಗಾರಪೇಟೆಗೆ ಬಂದು, ಅಲ್ಲಿಂದ ಏನು ಸಿಕ್ಕಿದರೆ ಅದನ್ನು ಹತ್ತಿ ನನಗಿಂತ ಮುಂಚೆ ಕ್ಲಿನಿಕ್ಕಿನಲ್ಲಿರುತ್ತಿದ್ದರು. ಕುಳ್ಳಗೆ, ದುಂಡಗೆ ಇದ್ದರು. ಕೋಟಿನ ಒಂದು ಜೇಬಿನಲ್ಲಿ ಥರ್ಮಾಮೀಟರು, ಇನ್ನೊಂದರಲ್ಲಿ ಹುರಿಗಡಲೆ. ನನ್ನ ಜೊತೆ ಕನ್ನಡ, ಉರಿಗಾಂನವರ ಜೊತೆ ತಮಿಳು, ಸಿಟ್ಟು ಬಂದರೆ ತೆಲುಗು. ಮೈತುಂಬ ಕಿಟ್ಟು ಹಾಕಿದಾಗ ಯಾರು ಯಾರೆಂದು ತಿಳಿಯದೆ ನಾವೆಲ್ಲ ಎದೆಯ ಮೇಲೆ ಸ್ಕೆಚ್ ಪೆನ್ನಿನಿಂದ ಹೆಸರು ಬರೆದುಕೊಳ್ಳುತ್ತಿದ್ದೆವು. ಅವರು ‘ರತ್ನ, ಬೂದಿಕೋಟೆ ಕಡೆ’ ಎಂದು ಬರೆದುಕೊಳ್ಳುತ್ತಿದ್ದರು. ಮದುವೆ ಮನೆಯಲ್ಲಿ ಪರಿಚಯ ಹೇಳಿಕೊಂಡ ಹಾಗಿತ್ತು ಅದು. ಹೆದರಿಕೊಂಡು ಬಂದವರೂ ಓದಿ ನಗುತ್ತಿದ್ದರು.

ಅವರು ನನಗೆ ಮೊದಲ ಪಾಠ ಹೇಳಿಕೊಟ್ಟದ್ದು ಪೊನ್ನುಸ್ವಾಮಿ ತಾತನ ಫಾರಂ ಮೇಲೆ. ತಾತ ಗಣಿಯಲ್ಲಿ ಮೂವತ್ತು ವರ್ಷ ದುಡಿದವರು, ಗಣಿ ಮುಚ್ಚಿದ ಮೇಲೂ ಕಾರ್ಮಿಕರ ಅದೇ ಲೈನ್ ಮನೆಯಲ್ಲಿದ್ದವರು. ಜ್ವರ ಇದೆ ಎಂದರು, ಬರೆದೆ. ಕೆಮ್ಮು ಎಂದು ಕೇಳಿದೆ. ‘ಇರುಮಲ್ ಎಲ್ಲಾಂ ಇಲ್ಲಮ್ಮಾ’ ಎಂದು ತಮಿಳಿನಲ್ಲಿ ಹೇಳಿ ಎರಡು ಸಲ ಕೆಮ್ಮಿದರು. ಅವರೇ ಇಲ್ಲ ಎಂದ ಮೇಲೆ ನನ್ನದೇನು ಎಂದು ‘ಇಲ್ಲ’ ಚೌಕಕ್ಕೆ ಗುರುತು ಹಾಕಿದೆ. ಅಷ್ಟರಲ್ಲಿ ಮುನಿರತ್ನಮ್ಮ ಬಂದು ನೀರಿನ ಕೊಡದ ಪ್ರಶ್ನೆ ಕೇಳಿದರು. ತಾತ ಲೆಕ್ಕ ಹಾಕಿ, ಮೊನ್ನೆವರೆಗೂ ಒಂದೇ ಸಲ ಇಳಿಸುತ್ತಿದ್ದೆ, ಇವತ್ತು ನಾಲ್ಕು ಸಲ ಇಳಿಸಿದೆ ಎಂದರು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿದ ಮುನಿರತ್ನಮ್ಮನ ಬಾಯಲ್ಲಿ ತೆಲುಗು ಬಂತು. ಅರ್ಧ ಗಂಟೆಯಲ್ಲಿ ತಾತ ಆಂಬುಲೆನ್ಸಿನಲ್ಲಿದ್ದರು. ಮೂರು ವಾರ ಆದ ಮೇಲೆ ಬದುಕಿ ಮನೆಗೆ ಬಂದರು.

ಅವತ್ತು ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅಂಗೈಗೆ ನಾಲ್ಕು ಹುರಿಗಡಲೆ ಹಾಕಿ ಪಕ್ಕದಲ್ಲಿ ಕೂರಿಸಿಕೊಂಡರು. ‘ಈ ಲೈನಿನೋರ್ಗೆ ಕೆಮ್ಮು ಅಂದ್ರೆ ರೋಗ ಅಲ್ಲ ಅಮ್ಮಣ್ಣಿ. ಗಣಿ ಧೂಳು ಕುಡ್ದು ಬಂದಿದ್ದು, ಅದು ದಿನಾ ಇರ್ತೈತೆ. ಇರೋದನ್ನ ಯಾರಾದ್ರೂ ಐತೆ ಅಂತಾರಾ? ನಿನ್ನೆಗಿಂತ ಇವತ್ತು ಎಂಗೈತೆ ಅಂತ ಕೇಳ್ಬೇಕು.’ ನಾನು ಅಷ್ಟರಲ್ಲಿ ಅಂಥ ಎಷ್ಟೋ ತಾತಂದಿರ ಫಾರಂಗಳಲ್ಲಿ ಕೆಮ್ಮು ಇಲ್ಲ ಎಂದು ಬರೆದು ಕಂಪ್ಯೂಟರಿಗೂ ಹಾಕಿಬಿಟ್ಟಿದ್ದೆ. ಕಾಗದದ ಮೇಲೆ ಉರಿಗಾಂನ ಮುದುಕರೆಲ್ಲ ಕೆಮ್ಮೇ ಇಲ್ಲದ ಕೊರೊನಾ ರೋಗಿಗಳಾಗಿದ್ದರು. ಮೂರು ಸಂಜೆ ಇಬ್ಬರೂ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ ತಿದ್ದಿದೆವು. ಕೆಲವು ಮನೆಗಳಲ್ಲಿ ಫೋನು ಎತ್ತಿದವರು, ತಾತ ಹೋಗಿ ವಾರವಾಯಿತು ಎಂದರು. ಆಗ ಮುನಿರತ್ನಮ್ಮ ಫಾರಂ ಪಕ್ಕಕ್ಕಿಟ್ಟು, ಮನೆಯಲ್ಲಿ ಯಾರು ಯಾರಿದ್ದೀರಿ, ಊಟ ಮಾಡಿದಿರಾ ಎಂದು ಮಾತನಾಡುತ್ತಿದ್ದರು. ನನಗೆ ಆ ಮನೆಗಳಿಗೆ ಮತ್ತೆ ಫೋನ್ ಮಾಡುವ ಧೈರ್ಯ ಬರುತ್ತಿರಲಿಲ್ಲ.

ಲಸಿಕೆಯ ಪ್ರಶ್ನೆಗೂ ಅವರಿಗೆ ಅವರದೇ ಕಾರಣವಿತ್ತು. ರೇಷನ್ನು ನಿಲ್ಲಿಸುತ್ತಾರೆ ಎಂದು ಹೆದರಿ ಹಾಕಿಸಿಕೊಳ್ಳದವರೂ ಹೌದು ಎನ್ನುತ್ತಿದ್ದರು. ಹಾಕಿಸಿಕೊಂಡದ್ದಕ್ಕೇ ಜ್ವರ ಬಂತೆಂದು ಮನೆಯವರಿಂದ ಬೈಸಿಕೊಳ್ಳಬೇಕಾದೀತು ಎಂದು ಹಾಕಿಸಿಕೊಂಡವರು ಇಲ್ಲ ಎನ್ನುತ್ತಿದ್ದರು. ಮನೆಗೊಂದೇ ಮೊಬೈಲು ಇದ್ದುದರಿಂದ ಅತ್ತೆಯ ಮೆಸೇಜು, ಸೊಸೆಯ ಮೆಸೇಜು ಎಲ್ಲ ಕಲಸಿಹೋಗುತ್ತಿದ್ದವು. ಆದರೆ ಕೂಲಿಗೆ ಹೋಗುವವರು ಕೂಲಿ ತಪ್ಪಿದ ದಿನವನ್ನು ಮರೆಯುವುದಿಲ್ಲ ಎಂಬುದು ಮುನಿರತ್ನಮ್ಮನ ನಂಬಿಕೆ. ತೋಳು ಊದಿ, ಮೈ ಕಾದು, ಒಂದು ದಿನ ಮಲಗಿದ್ದನ್ನು ಹೆಂಗಸರು ವಾರ, ತಾರೀಖು ಸಮೇತ ಹೇಳುತ್ತಿದ್ದರು. ಡಾಕ್ಟರು ಒಮ್ಮೆ ಇದನ್ನು ಕೇಳಿ ನಕ್ಕು, ಆಮೇಲೆ ನಗುವುದನ್ನು ಬಿಟ್ಟು, ಫಾರಂನಲ್ಲಿ ಆ ಪ್ರಶ್ನೆಯನ್ನೂ ಸೇರಿಸಿದರು.

ಮಳೆಗಾಲ ಕಳೆದ ಮೇಲೆ ಮುನಿರತ್ನಮ್ಮನನ್ನು ಹಳ್ಳಿಗಳ ಲಸಿಕೆ ಕ್ಯಾಂಪುಗಳಿಗೆ ಕಳಿಸಿದರು. ಮೂರನೇ ಅಲೆ ಬಂದಾಗ ಮತ್ತೆ ನಮ್ಮ ಕ್ಲಿನಿಕ್ಕಿಗೆ ಬಂದರು. ಈ ಸಲದ್ದು ಒಮಿಕ್ರಾನ್ ಎಂದು ಡಾಕ್ಟರು ಹೇಳಿದರು. ರೋಗಿಗಳು ಹೆಚ್ಚು, ಸಾಯುವವರು ಕಡಿಮೆ. ವಾಸನೆ ಹೋಗಿದೆ ಎನ್ನುವವರು ಅಪರೂಪವಾದರು. ಗಂಟಲು ಕೆರೆತ, ನೆಗಡಿ, ಮೈಕೈ ನೋವು ಎನ್ನುವವರೇ ಎಲ್ಲರೂ. ಆದರೆ ಕೂಲಿ ಹೆಂಗಸರ ಫಾರಂಗಳಲ್ಲಿ ಮೈಕೈ ನೋವು ಕಾಣುತ್ತಿರಲಿಲ್ಲ. ಈ ಸಲ ನಾನೇ ಬುದ್ಧಿವಂತಳಾಗಿ, ರಾತ್ರಿ ಮಲಗಿ ಎದ್ದ ಮೇಲೂ ನೋವು ಹಾಗೇ ಇದೆಯಾ ಎಂದು ಕೇಳತೊಡಗಿದೆ. ಹೌದು ಎನ್ನುವವರ ಸಾಲು ಬೆಳೆಯಿತು. ಮುನಿರತ್ನಮ್ಮ ದೂರದಿಂದಲೇ ನೋಡಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದರು. ಆ ಖುಷಿ ಒಂದು ವಾರ ನನ್ನಲ್ಲಿತ್ತು.

ಆ ವಾರವೇ ಲಕ್ಷ್ಮಿದೇವಿ ಬಂದಳು. ಮುನಿರತ್ನಮ್ಮನ ಪಕ್ಕದ ಹಳ್ಳಿಯವಳು, ನಲವತ್ತರ ಆಸುಪಾಸು, ಸಕ್ಕರೆ ಕಾಯಿಲೆಯವಳು. ಒಂದು ಫ್ಯಾಕ್ಟರಿಯಲ್ಲಿ ಕಸ ಗುಡಿಸಲು ದಿನವೂ ವ್ಯಾನಿನಲ್ಲಿ ಹೋಗಿಬರುತ್ತಿದ್ದಳಂತೆ. ಐದು ದಿನದಿಂದ ಮೈ ನೋವು. ಕೆಲಸದ ನೋವೆಂದುಕೊಂಡು ಸುಮ್ಮನಿದ್ದಳಂತೆ. ಗಂಡ ಚೌಡಪ್ಪ ಅವಳನ್ನು ತೋಳು ಹಿಡಿದು ಕರೆತಂದು ಕೂರಿಸಿ, ಮೊಬೈಲಿನಲ್ಲಿ ಎರಡೂ ಡೋಸಿನ ಮೆಸೇಜು ತೋರಿಸಿದ. ಮುನಿರತ್ನಮ್ಮ ಜ್ವರ ನೋಡಿದರು, ಉಸಿರು ನೋಡಿದರು, ಸಕ್ಕರೆ ನೋಡಿದರು. ಕೂಲಿಯ ಆ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಮರೆತಿರಬೇಕೆಂದು ನಾನೇ ಕೇಳಿದೆ. ಲಕ್ಷ್ಮಿದೇವಿ ನನ್ನನ್ನು ಬಿಟ್ಟು ಮುನಿರತ್ನಮ್ಮನನ್ನು ನೋಡಿದಳು.

‘ಅಕ್ಕನೇ ಆಕಿದ್ದು. ಮಾರ್ನೇ ದಿನ ವ್ಯಾನಿಗೆ ಓದೆ, ನಂಗೇನೂ ಆಗ್ಲಿಲ್ಲ’ ಎಂದಳು.

ಎರಡು ಡೋಸ್ ಎಂದು ಬರೆದೆ. ಸಂಜೆಯೊಳಗೆ ಅವಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮೂರನೇ ದಿನ ಸತ್ತಳು.

ಆ ವಾರದಲ್ಲಿ ಅವಳ ಹಳ್ಳಿಯಲ್ಲಿ ಲಸಿಕೆ ಕ್ಯಾಂಪು ಇತ್ತು. ಎರಡನೇ ಡೋಸ್ ಬಾಕಿ ಇದ್ದವರು, ಮೂರನೆಯದು ಹಾಕಿಸಿಕೊಳ್ಳಬೇಕಾದ ಮುದುಕರು, ಮೊದಲ ಸಲ ಹಾಕಿಸಿಕೊಳ್ಳುವ ಹೈಸ್ಕೂಲು ಮಕ್ಕಳು ಎಲ್ಲ ಬರಬೇಕಿತ್ತು. ಒಬ್ಬರೂ ಬರಲಿಲ್ಲ. ಎರಡೂ ಹಾಕಿಸಿಕೊಂಡ ಲಕ್ಷ್ಮಿದೇವಿಯೇ ಹೋದಳು, ಇನ್ನು ಇದನ್ನು ಹಾಕಿಸಿಕೊಂಡು ಏನು ಬಂತು ಎಂದು ಊರೆಲ್ಲ ಮಾತಾಯಿತು. ಕ್ಯಾಂಪಿಗೆ ಹೋಗಿದ್ದವರು ಲಸಿಕೆಯ ಡಬ್ಬಿಯನ್ನು ತೆಗೆಯದೆ ವಾಪಸು ತಂದರು.

ಅವತ್ತು ಮಧ್ಯಾಹ್ನ ಮುನಿರತ್ನಮ್ಮ ಊಟದ ಡಬ್ಬಿ ಮುಚ್ಚಿಟ್ಟು ಡಾಕ್ಟರ ಕೋಣೆಗೆ ಹೋದರು. ನನ್ನನ್ನೂ ಫಾರಂ ಸಮೇತ ಬರಹೇಳಿದರು. ಅಲ್ಲಿ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಮಳೆಗಾಲದ ನಂತರ ಆ ಹಳ್ಳಿಯಲ್ಲಿ ಇವರು ನಡೆಸಿದ ಕ್ಯಾಂಪಿನ ದಿನ ಲಕ್ಷ್ಮಿದೇವಿ ಫ್ಯಾಕ್ಟರಿಯಿಂದ ಬರುವಾಗ ಸಂಜೆಯಾಗಿತ್ತು. ತೆರೆದ ಬಾಟಲಿ ಮುಗಿದಿತ್ತು. ಒಂದು ಬಾಟಲಿಯಲ್ಲಿ ಹತ್ತು ಜನರ ಮದ್ದು; ಒಬ್ಬಳಿಗಾಗಿ ಹೊಸದು ತೆರೆದರೆ ಉಳಿದದ್ದು ಕೆಲವು ಗಂಟೆಗಳಲ್ಲಿ ಹಾಳು, ಹಾಳಾದದ್ದಕ್ಕೆ ಮೇಲಿನವರಿಗೆ ಉತ್ತರ ಹೇಳಬೇಕು. ಅತ್ತ ಫ್ಯಾಕ್ಟರಿಯ ಮೇಸ್ತ್ರಿ, ಎರಡನೇ ಡೋಸಿನ ಮೆಸೇಜು ತೋರಿಸದವರನ್ನು ನಾಳೆಯಿಂದ ವ್ಯಾನು ಹತ್ತಿಸುವುದಿಲ್ಲ ಎಂದಿದ್ದ. ಲಕ್ಷ್ಮಿದೇವಿ ಕೈಮುಗಿದಿದ್ದಳು. ಮೆಸೇಜು ಈಗ ಬರುವ ಹಾಗೆ ಮಾಡುತ್ತೇನೆ, ಬೆಳಿಗ್ಗೆ ಬಂದು ಸೂಜಿ ಹಾಕಿಸಿಕೋ ಎಂದು ಇವರು ಹಾಕಿದ್ದೇನೆಂದು ನಮೂದಿಸಿದ್ದರು. ಬೆಳಿಗ್ಗೆ ಕ್ಯಾಂಪು ತೆರೆಯುವ ಮೊದಲೇ ವ್ಯಾನು ಹೋಗಿತ್ತು. ಮರುದಿನ ಕ್ಯಾಂಪು ಬೇರೆ ಊರಿಗೆ ಹೋಯಿತು. ಆಮೇಲೆ ಇವತ್ತು ನಾಳೆ ಎಂದು ಇಬ್ಬರೂ ಬಿಟ್ಟರು.

ಡಾಕ್ಟರು ಫಾರಂ ತೆಗೆದುಕೊಂಡು ನೋಡಿದರು. ಸಕ್ಕರೆ ಕಾಯಿಲೆ ಇತ್ತು, ತಡವಾಗಿಯೂ ಬಂದಳು. ಎರಡನೆಯದು ಹಾಕಿದ್ದರೆ ಬದುಕುತ್ತಿದ್ದಳೆಂದು ಯಾರೂ ಖಂಡಿತವಾಗಿ ಹೇಳಲಾರರು ಎಂದರು. ಅದು ನಿಜವೂ ಹೌದು, ಸಮಾಧಾನದ ಮಾತೂ ಹೌದು. ಅಧ್ಯಯನದಲ್ಲಿ ಅವಳನ್ನು ಒಂದು ಡೋಸಿನವರ ಸಾಲಿಗೆ ಹಾಕೋಣ, ಮೇಲಿನವರಿಗೆ ತಾನೇ ಮೆತ್ತಗೆ ಬರೆಯುತ್ತೇನೆ, ನೀವು ಎಲ್ಲೂ ಬಾಯಿಬಿಡಬೇಡಿ, ಕಾಂಟ್ರಾಕ್ಟಿನ ಕೆಲಸ ಹೋದೀತು ಎಂದರು.

‘ಕಾಗದ್ದಾಗೆ ನೀವು ತಿದ್ತೀರ ಸಾರ್. ಊರ್ನಾಗೆ ಯಾರು ತಿದ್ತಾರೆ?’ ಎಂದರು ಮುನಿರತ್ನಮ್ಮ.

ಕೆಲಸ ಹೋದೀತೆಂಬುದು ಅವರಿಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿತ್ತು. ಹತ್ತು ವರ್ಷದಿಂದ ವರ್ಷ ವರ್ಷ ಕಾಂಟ್ರಾಕ್ಟು ಮುಂದುವರಿಯುತ್ತ ಬಂದ ಕೆಲಸ ಅದು. ಆದರೂ ಮರುದಿನ ಬೆಳಿಗ್ಗೆ ಲಕ್ಷ್ಮಿದೇವಿಯ ಹಳ್ಳಿಯ ಹಾಲಿನ ಡೈರಿಗೆ ಹೋಗುತ್ತೇನೆ, ನೀನೂ ಬಾ ಎಂದು ನನ್ನನ್ನು ಕರೆದರು. ಯಾಕೆ ಎಂದು ಕೇಳಿದರೆ, ಒಬ್ಬಳೇ ಹೋದರೆ ಅರ್ಧ ದಾರಿಯಲ್ಲಿ ತಿರುಗಿ ಬಂದುಬಿಡುತ್ತೇನೆ ಎಂದರು. ನಾನು ಅಪ್ಪನ ಮೊಪೆಡ್ ತೆಗೆದುಕೊಂಡು ಕತ್ತಲಿರುವಾಗಲೇ ಬಂಗಾರಪೇಟೆಯಿಂದ ಹೊರಟೆ. ಅವರ ಮನೆಗೆ ಹೋಗಿ ಅವರನ್ನು ಹತ್ತಿಸಿಕೊಂಡೆ.

ಡೈರಿಯ ಮುಂದೆ ಕ್ಯಾನು, ಚೊಂಬು ಹಿಡಿದು ಊರಿಗೆ ಊರೇ ಸಾಲು ನಿಂತಿತ್ತು. ಚೌಡಪ್ಪನೂ ಇದ್ದ, ತಲೆ ಬೋಳಿಸಿದ್ದ. ಮುನಿರತ್ನಮ್ಮ ಕಟ್ಟೆ ಹತ್ತಲಿಲ್ಲ, ದನಿ ಏರಿಸಲಿಲ್ಲ. ನೇರವಾಗಿ ಅವನ ಎದುರಿಗೆ ಹೋಗಿ ನಿಂತು, ಎಲ್ಲರಿಗೂ ಕೇಳುವಷ್ಟು ಹೇಳಿದರು. ‘ಲಕ್ಷ್ಮಿದೇವಿಗೆ ಎರಡ್ನೇ ಸೂಜಿ ನಾನು ಆಕಿಲ್ಲ ಕಣಪ್ಪ. ಆಕಿದ್ದೀನಿ ಅಂತ ಬರ್ಕೊಂಡೆ. ಅವ್ಳು ಒಂದೇ ಆಕಿಸ್ಕೊಂಡಿದ್ದು. ತಪ್ಪು ನಂದು, ಸೂಜೀದಲ್ಲ.’

ಹಾಲು ಅಳೆಯುವವನು ಕೈ ನಿಲ್ಲಿಸಿದ. ಯಾರಾದರೂ ಹೊಡೆಯುತ್ತಾರೆ ಎಂದು ನಾನು ಮುನಿರತ್ನಮ್ಮನ ಸೆರಗು ಹಿಡಿದುಕೊಂಡಿದ್ದೆ. ಚೌಡಪ್ಪ ತನ್ನ ಸರದಿ ಬರುವವರೆಗೆ ನಿಂತು, ಹಾಲು ಹಾಕಿ, ಚೀಟಿ ಇಸಿದುಕೊಂಡ. ಹೋಗುವಾಗ ಒಂದು ಮಾತು ಹೇಳಿದ. ‘ನಿನ್ನ ಎಸ್ರು ಕೆಡಬಾರ್ದು ಅಂತ ನಂಗೂ ಏಳಿಲ್ಲ ಅವ್ಳು.’ ಮುನಿರತ್ನಮ್ಮ ಅಲ್ಲೇ ನಿಂತಿದ್ದರು. ಆ ಮಾತು ಅವರಿಗೆ ಎಷ್ಟು ನಾಟಿತೆಂದು ವಾಪಸು ಬರುವಾಗ ಅವರು ಮೊಪೆಡ್ಡಿನ ಹಿಂದೆ ನನ್ನ ಭುಜ ಹಿಡಿದಿದ್ದ ಹಿಡಿತದಲ್ಲಿ ಗೊತ್ತಾಯಿತು.

ಮುಂದಿನ ಕ್ಯಾಂಪಿಗೆ ಮೊದಲು ಬಂದವಳು ಚೌಡಪ್ಪನ ತಾಯಿ. ಅವನೇ ಕರೆತಂದು ಬಾಗಿಲಲ್ಲಿ ಬಿಟ್ಟು ಹೋದನಂತೆ. ಆಮೇಲೆ ಒಬ್ಬೊಬ್ಬರೇ ಬಂದರು. ಇಬ್ಬರು ಮೂವರು ಮಾತ್ರ ಆ ಕ್ಯಾಂಪಿನ ನರ್ಸಮ್ಮನ ಕಿವಿಯಲ್ಲಿ, ತಮಗೂ ಬರೀ ಮೆಸೇಜು ಬಂದಿದೆ, ಸೂಜಿ ಬಿದ್ದಿಲ್ಲ ಎಂದರಂತೆ. ಅವು ಬೇರೆ ಬೇರೆ ಕ್ಯಾಂಪಿನಲ್ಲಿ ಬೇರೆಯವರು ಬರೆದುಕೊಂಡವು. ಮೇಲಿನಿಂದ ಮುನಿರತ್ನಮ್ಮನಿಗೆ ನೋಟಿಸು ಬಂತು. ಅವರು ಒಂದು ಹಾಳೆಯಲ್ಲಿ ನಡೆದದ್ದನ್ನು ಬರೆದು ಕೊಟ್ಟರು. ಆ ಮಾರ್ಚಿನಲ್ಲಿ ಕಾಂಟ್ರಾಕ್ಟು ಮುಂದುವರಿಯಲಿಲ್ಲ. ಕೊನೆಯ ದಿನ ಕೋಟು ಮಡಿಚಿಟ್ಟು, ಹೊಸ ನರ್ಸಿಗೆ ಯಾವ ತಾತನಿಗೆ ಏನು ಕೇಳಬೇಕೆಂದು ಹೇಳಿಕೊಟ್ಟು ಹೋದರು. ನನಗೆ ತಡೆಯಲಾಗದೆ ಬಾತ್‌ರೂಮಿಗೆ ಹೋಗಿ ಅತ್ತೆ. ಎಷ್ಟೋ ಜನ ಎಷ್ಟೋ ಸುಳ್ಳು ಬರೆದು ಕುರ್ಚಿಯಲ್ಲಿ ಕೂತಿರುವಾಗ ಇವರೊಬ್ಬರೇ ಯಾಕೆ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವರನ್ನು ನಾನು ಕಡೆಯದಾಗಿ ಕಂಡದ್ದು ಹೋದ ವರ್ಷ, ಬಂಗಾರಪೇಟೆ ಸ್ಟೇಷನ್ನಿನಲ್ಲಿ. ಬೆಂಗಳೂರಿನ ಕಡೆ ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳಲು ಬೆಳಗಿನ ರೈಲಿಗೆ ಹೋಗುತ್ತಿದ್ದರು. ಸ್ವಲ್ಪ ಇಳಿದುಹೋಗಿದ್ದರು. ನಮ್ಮ ಅಧ್ಯಯನ ಅಚ್ಚಾಗಿತ್ತು. ಮೊಬೈಲಿನಲ್ಲಿ ತೆಗೆದು ತೋರಿಸಿದೆ: ಒಂದು ಕಡೆ ಎರಡನೇ ಅಲೆಯವರು, ಇನ್ನೊಂದು ಕಡೆ ಮೂರನೇ ಅಲೆಯವರು, ಕೆಳಗೆ ಒಂದೂ ಹಾಕಿಸಿಕೊಳ್ಳದವರು, ಒಂದು ಹಾಕಿಸಿಕೊಂಡವರು, ಎರಡೂ ಹಾಕಿಸಿಕೊಂಡವರು.

‘ಇದ್ರಾಗೆ ಲಕ್ಷ್ಮಿದೇವಿ ಎಲ್ಲವ್ಳೆ?’ ಎಂದು ಕೇಳಿದರು. ಹೆಸರು ಹಾಕುವುದಿಲ್ಲ ಅಕ್ಕ, ಬರೀ ಲೆಕ್ಕ ಎಂದು ಹೇಳಿ ಒಂದು ಡೋಸಿನ ಸಾಲನ್ನು ತೋರಿಸಿದೆ. ಅಲ್ಲಿ ಬೆರಳಿಟ್ಟರು. ಬೆರಳು ತಾಗಿ ಪುಟ ಎಲ್ಲೋ ಓಡಿತು. ಮತ್ತೆ ತಂದು ಕೊಟ್ಟೆ. ಈ ಸಲ ಮುಟ್ಟದೆ, ಬೆರಳನ್ನು ಮೇಲೆ ಹಿಡಿದು ನೋಡುತ್ತ ಕೂತರು. ಚೌಡಪ್ಪ ಈಗಲೂ ಮಾತಾಡಿಸುವುದಿಲ್ಲ, ದಾರಿಯಲ್ಲಿ ಸಿಕ್ಕಿದರೆ ಮುಖ ತಿರುಗಿಸುತ್ತಾನೆ, ಅದರಲ್ಲಿ ತಪ್ಪೇನೂ ಇಲ್ಲ ಎಂದರು. ರೈಲು ಬಂದು ನಿಂತಿತು. ಎದ್ದು ನಿಂತವರು, ‘ಇದನ್ನ ಅವ್ನಿಗೊಂದು ಕಿತ ತೋರಿಸ್ತೀಯಾ ಅಮ್ಮಣ್ಣಿ? ನಾನು ಕಳಿಸ್ದೆ ಅಂತ ಏಳ್ಬೇಡ’ ಎಂದು ಹೇಳಿ ಹತ್ತಿಕೊಂಡರು. ನಿಲ್ಲಲೂ ಜಾಗವಿಲ್ಲದ ಬೋಗಿಯಲ್ಲಿ ಅವರ ತಲೆ ಕೂಡ ಕಾಣಿಸಲಿಲ್ಲ.

ಆ ಭಾನುವಾರ ಹಾಳೆ ಪ್ರಿಂಟು ತೆಗೆಸಿಕೊಂಡು ಚೌಡಪ್ಪನ ಮನೆಗೆ ಹೋದೆ. ಅವನು ದನ ಕಟ್ಟುತ್ತಿದ್ದ. ನಾನು ವಿವರಿಸಿದ್ದನ್ನು ಕೇಳಿದ. ನಿಮ್ಮ ಹೆಂಡತಿ ಈ ಸಾಲಿನಲ್ಲಿದ್ದಾಳೆ ಎಂದು ತೋರಿಸಿದೆ. ಹಾಳೆಯನ್ನು ಮುಟ್ಟದೆ, ಆಯಮ್ಮ ಕಳಿಸಿದ್ದಾ ಎಂದ. ಇಲ್ಲ ಎಂದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಅವನಿಗೂ ಗೊತ್ತಾಗಿರಬೇಕು. ಹಗ್ಗವನ್ನು ಗೂಟಕ್ಕೆ ಬಿಗಿದ.

‘ಇದನ್ನ ಆಯಮ್ಮನೇ ತಂದು ಕೊಡ್ಲಿ. ಆಲು ಆಕೋ ಒತ್ಗೆ ಡೈರಿ ತಾವ ಬರ್ಲಿ. ಎಲ್ರೂ ಇರ್ತಾರೆ, ಅವ್ರ ಮುಂದೇನೇ ಇಸ್ಕೊಂತೀನಿ’ ಎಂದ.

ಅವನ ಅಂಗಳದಿಂದಲೇ ಫೋನ್ ಮಾಡಿ, ಅವನು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ಮುನಿರತ್ನಮ್ಮ ಅತ್ತದ್ದನ್ನು ನಾನು ಕೇಳಿದ್ದು ಅದೊಂದೇ ಸಲ.